ಬಿದ್ದ ಚಿಗರೆಯ ಪಕ್ಕ ನಿಂತವರು

ಪಿ.ಟಿ. ಸರ್ ಅವರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಕನ್ನಡಕದ ಕಡ್ಡಿ ಆ ಕಡೆ ನಿಲ್ಲದೆ ಜಾರುತ್ತಿದ್ದುದರಿಂದ ಅದಕ್ಕೆ ಬಿಳಿ ಶೂ ಲೇಸ್ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಂಡಿರುತ್ತಿದ್ದರು. ದುಬೈನ ಅಲ್ ಕುಸೈಸಿನ ನಮ್ಮ ಬಿಲ್ಡಿಂಗಿನ ಮಕ್ಕಳು ಲಿಫ್ಟಿನಲ್ಲಿ ಅವರನ್ನು ಕಂಡರೆ ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿಯುತ್ತಿದ್ದವು. ಹರೆಯದಲ್ಲಿ, ಕೊಡಗಿನ ಅವರ ಊರಿನಲ್ಲಿ, ಬೇಟೆಗೆ ಹೊಸಬನಾದ ಗೆಳೆಯನೊಬ್ಬ ಪೊದೆ ಅಲ್ಲಾಡಿತೆಂದು ಗುಂಡು ಹಾರಿಸಿದ್ದನಂತೆ. ಪೊದೆಯ ಹಿಂದೆ ಇದ್ದದ್ದು ಹಂದಿಯಲ್ಲ, ಇವರು. "ಅವನ ಗುರಿ ಕೆಟ್ಟದಾಗಿತ್ತು ಕಣಮ್ಮ, ಅದಕ್ಕೇ ಬದುಕಿದೆ" ಎಂದು ನಗುತ್ತಿದ್ದರು.

ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಎಂದು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಎದ್ದುಬಿಡುತ್ತೇನೆ. ಇವತ್ತೂ ಬಂದಿದೆ. ಬರಲಿ, ಸಿಟ್ಟಿನಲ್ಲೇ ಬರೆಯುತ್ತೇನೆ.

ಅದು ತೊಂಬತ್ತರ ದಶಕದ ಕೊನೆ. ನಾನು ದುಬೈನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ನನ್ನ ಯಜಮಾನರು ಅಬುಧಾಬಿಯ ಕಡಲಿನ ತೈಲಬಾವಿಯಲ್ಲಿದ್ದರು, ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಸರ್ ಒಂದು ಇಂಡಿಯನ್ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರು. ಹೆಂಡತಿಯನ್ನು ಮೈಸೂರಿನಲ್ಲಿ ಬಿಟ್ಟು ಬಂದು ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದಿದ್ದರು. ಅವರ ಮುಂದೆ ಬೇಟೆಯ ಮಾತು ಮೊದಲು ಎತ್ತಿದವನು ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಕರಾವಳಿಯ ಒಬ್ಬ ಮ್ಯಾನೇಜರ್. ಏಸಿ ಕಂಪನಿಯಲ್ಲಿ ದೊಡ್ಡ ಹುದ್ದೆ, ದೊಡ್ಡ ಗಾಡಿ, ಅದಕ್ಕಿಂತ ದೊಡ್ಡ ಬಾಯಿ. ಕೆನಡಾಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕಿದ್ದ.

"ಅಲ್ಲಿ ಸರಕಾರದ್ದೇ ಕಾಡು ಉಂಟು ಸರ್. ಲೈಸೆನ್ಸ್ ತೆಗೊಂಡ್ರೆ ಯಾರು ಬೇಕಾದ್ರೂ ಹೋಗಿ ಜಿಂಕೆ ಹೊಡೀಬಹುದು. ನಿಮಗೆ ಎಲ್ಲ ಗೊತ್ತುಂಟಲ್ಲ, ಸ್ವಲ್ಪ ಹೇಳಿಕೊಡಿ ಮಾರಾಯ್ರೆ" ಎಂದ.

ಸರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕಲಿಸ್ತೀನಿ. ಆದರೆ ಇಲ್ಲಿ ಬೇಟೆಯಾಡೋದು ಕಾನೂನಿಗೆ ವಿರುದ್ಧ. ಒಂದು ಇರುವೆಯನ್ನೂ ಕೊಲ್ಲಬಾರದು. ನೋಡೋದನ್ನ ಕಲಿ, ನಡೆಯೋದನ್ನ ಕಲಿ, ಕೂರೋದನ್ನ ಕಲಿ. ಕೋವಿ ಕೆನಡಾದಲ್ಲಿ ಹಿಡಿ."

ಮ್ಯಾನೇಜರನ ಜೊತೆ ಅವನ ಕಂಪನಿಯ ಅಕೌಂಟೆಂಟ್ ಹುಡುಗನೂ ಸೇರಿಕೊಂಡ. ಶುಕ್ರವಾರ ರಜೆಯ ದಿನ ಮನೆಯಲ್ಲಿ ಒಬ್ಬಳೇ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. "ಸರ, ನಾನೂ ಬರ್ತೀನ್ರಿ. ನಮ್ಮ ಹಾವೇರಿ ಕಡೆ ಹೊಲಕ್ಕ ಚಿಗರಿ ಹಿಂಡು ಬರ್ತಿದ್ವು, ಕವಣಿ ಬೀಸಿ ಓಡಿಸಿದಾಕಿ ನಾನು" ಎಂದೆ. ಮ್ಯಾನೇಜರ್ ನಕ್ಕ. ಸರ್ ನಗಲಿಲ್ಲ. "ಬಾರಮ್ಮ. ಸೆಂಟ್ ಮಾತ್ರ ಹಾಕ್ಕೊಂಡು ಬರಬೇಡ" ಎಂದರು.

ಆಗೆಲ್ಲ ಊರು ದಾಟಿದರೆ ಮರಳುಗಾಡಿಗೆ ಬೇಲಿ ಇರಲಿಲ್ಲ. ಚಳಿಗಾಲದ ಶುಕ್ರವಾರಗಳಲ್ಲಿ ಮ್ಯಾನೇಜರನ ಗಾಡಿಯಲ್ಲಿ ಹೊರಟು, ಕೆಫೆಟೇರಿಯಾದಲ್ಲಿ ಸುಲೈಮಾನಿ ಚಹಾ ಕುಡಿದು, ಕುಬೂಸ್ ರೊಟ್ಟಿ ಕಟ್ಟಿಸಿಕೊಂಡು, ಟಾರು ಮುಗಿದಲ್ಲಿ ಇಳಿದು ನಡೆಯುತ್ತಿದ್ದೆವು. ಸರ್ ಜೇಬಿನಲ್ಲಿ ಟಾಲ್ಕಂ ಪೌಡರಿನ ಚಿಕ್ಕ ಡಬ್ಬಿ ಇಟ್ಟುಕೊಂಡಿರುತ್ತಿದ್ದರು. ಚಿಟಿಕೆ ಪೌಡರು ಗಾಳಿಗೆ ತೂರಿ ಅದು ಯಾವ ಕಡೆ ಹಾರುತ್ತದೆ ನೋಡಿ, ಅದರ ಎದುರಿಗೆ ಹೆಜ್ಜೆ ಹಾಕಬೇಕು. ಒಂದು ದಿನ ಮ್ಯಾನೇಜರ್ ಅತ್ತರು ಬಳಿದುಕೊಂಡು ಬಂದಿದ್ದ. "ನಿನಗಿಂತ ಮೊದಲು ನಿನ್ನ ವಾಸನೆ ಹೋಗಿ ಚಿಗರೆಗೆ ಸಲಾಂ ಹೇಳಿ ಬಂತು. ಇವತ್ತಿನ ಪಾಠ ಖಲಾಸ್" ಎಂದು ಗಾಡಿ ತಿರುಗಿಸಲು ಹೇಳಿದರು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಕೋವಿಯ ಬದಲು ನಮ್ಮ ಕೈಯಲ್ಲಿ ನೆಲ ಒರೆಸುವ ಮಾಪಿನ ಕೋಲು. ಗಾಫ್ ಮರದ ಬುಡದಲ್ಲಿ ಅಲುಗಾಡದೆ ಕೂರಬೇಕು. ದೂರದಲ್ಲಿ ಏನಾದರೂ ಕಂಡರೆ ಕೋಲು ಎತ್ತುವ ಮೊದಲು ಅವರು ಪಿಸುಗುಟ್ಟುತ್ತಿದ್ದರು, "ಅದರ ಹಿಂದೆ ಏನಿದೆ?"

"ಒಂಟೆ ಉಂಟು ಸರ್" ಎಂದ ಅಕೌಂಟೆಂಟ್ ಒಮ್ಮೆ.

"ಹಾಗಾದ್ರೆ ಒಂಟೆ ಸತ್ತಿತು. ಹೋಗು, ಅದರ ಯಜಮಾನನಿಗೆ ಉತ್ತರ ಕೊಟ್ಟು ಬಾ."

ಎಷ್ಟೋ ವಾರ ನಮಗೆ ಕಂಡದ್ದು ಗೊರಸಿನ ಗುರುತು, ಮೆಣಸಿನಕಾಳಿನಂಥ ಹಿಕ್ಕೆ, ಅಷ್ಟೇ. ಒಂದು ಬೆಳಗ್ಗೆ ಮಂಜು ಹರಿಯುವ ಹೊತ್ತಿಗೆ ಎದುರಿನ ದಿಬ್ಬದ ಮೇಲೆ ಒಂದು ಚಿಗರೆ ಬಂದು ನಿಂತಿತು. ನಮ್ಮೂರಿನದಕ್ಕಿಂತ ಸಣ್ಣದು, ಮರಳಿನದೇ ಬಣ್ಣ, ಕರಿ ಬಾಲ ಮಾತ್ರ ಪಟಪಟ ಆಡುತ್ತಿತ್ತು. ನನ್ನ ಕೈಯ ಕೋಲು ತಾನಾಗಿ ಮೇಲೆ ಹೋಯಿತು. ಸರ್ ನನ್ನ ಭುಜ ಮುಟ್ಟಿ "ಈಗ ಹೊಡೆದಿದ್ರೆ ಒಂದೇ ಏಟಿಗೆ ಬೀಳ್ತಿತ್ತು. ಪಾಸಾದೆ" ಎಂದರು. ಮೂವರಲ್ಲಿ ಆ ಮಾತು ಹೇಳಿಸಿಕೊಂಡವಳು ನಾನೊಬ್ಬಳೇ. ನನ್ನ ಡಿಪ್ಲೊಮಾ ಸರ್ಟಿಫಿಕೇಟ್ ಕೈಗೆ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಕೊಲ್ಲುವುದು ಪಾಪ ಎನ್ನುವ ಜಾತಿಯವರಲ್ಲ ಅವರು, ತಪ್ಪು ತಿಳಿಯಬೇಡಿ. ಹಳೆಯ ಕಾಲದ ಜಿಂಕೆ ಮಾಂಸದ ರುಚಿ ನೆನೆದರೆ ಅವರ ಬಾಯಲ್ಲಿ ನೀರೂರುತ್ತಿತ್ತು. ಆದರೆ ಬೇಟೆಗೆ ಕಟ್ಟಳೆ ಇದೆ ಎನ್ನುತ್ತಿದ್ದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಅವರ ಅಜ್ಜ ಹೇಳಿಕೊಟ್ಟದ್ದು: ಪ್ರಾಣಿ ಬಿದ್ದ ಮೇಲೆ ಕೆಡವಿದವನು ಅದರ ಪಕ್ಕ ನಿಲ್ಲಬೇಕು. ಯಾರೇ ಬಂದು ಕೇಳಲಿ, ಬೈಯಲು ಬಂದವನೇ ಆಗಲಿ, "ನಾನು ಕೆಡವಿದೆ" ಎಂದು ತಾನೇ ಹೇಳಬೇಕು. ಅವನ ಪರವಾಗಿ ಇನ್ನೊಬ್ಬ ಹೇಳಬಾರದು, ಅವನ ಹೆಸರನ್ನು ಇನ್ನೊಬ್ಬ ಎತ್ತಲೂಬಾರದು. "ಹೇಳೋ ಧೈರ್ಯ ಇಲ್ಲದವನು ಕೋವಿ ಮುಟ್ಟಬಾರದು" ಎನ್ನುತ್ತಿದ್ದರು. ಮ್ಯಾನೇಜರ್ ತಲೆ ಆಡಿಸುತ್ತಿದ್ದ. ಆ ತಲೆಯಾಟಕ್ಕೆ ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಅವನ ಕೆನಡಾದ ಕೆಲಸ ಇನ್ನೇನು ಆಗುವುದರಲ್ಲಿತ್ತು. ಆ ಶುಕ್ರವಾರ ನನಗೆ ಡ್ಯೂಟಿ ಇತ್ತು, ಮೂವರೇ ಹೋದರು. ನಡೆದದ್ದನ್ನು ಸಂಜೆ ಫೋನಿನಲ್ಲಿ ಅಕೌಂಟೆಂಟ್ ಅಳುತ್ತಾ ಹೇಳಿದ. ಟಾರು ಮುಗಿದಲ್ಲಿ ಇಳಿಯದೆ ಮ್ಯಾನೇಜರ್ ಗಾಡಿಯನ್ನು ನೇರ ಮರಳಿಗೆ ಇಳಿಸಿದನಂತೆ. ಬಯಲಿನಲ್ಲಿ ಒಂದು ಚಿಗರೆ ಎದ್ದು ಓಡಿತು. ಇವನು ಬೆನ್ನಟ್ಟಿದ. ಸರ್ "ನಿಲ್ಲಿಸು" ಎಂದು ಕೂಗಿದರು, ಸ್ಟಿಯರಿಂಗಿಗೆ ಕೈ ಹಾಕಿದರು. ಅವನು ಅವರ ಕೈ ತಳ್ಳಿ "ಒಂದ್ಸಲ ಸರ್, ಒಂದೇ ಸಲ, ಎಷ್ಟು ಓಡ್ತದೆ ನೋಡುವ" ಎಂದು ಇನ್ನೂ ಒತ್ತಿದ. ಚಿಗರೆ ಓಡಿತು, ತಿರುಗಿತು, ಮತ್ತೆ ಓಡಿತು. ಕೊನೆಗೆ ಮುಂಗಾಲು ಮಡಚಿ ಬಿದ್ದು, ಮೂಗಿನಲ್ಲಿ ರಕ್ತ ಬಂದು, ಸತ್ತೇಹೋಯಿತು. ಅದರ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಅಷ್ಟರಲ್ಲಿ ದೂರದಲ್ಲಿ ಒಂದು ಪಿಕಪ್ ಕಾಣಿಸಿತು. ಮ್ಯಾನೇಜರನ ಶೌರ್ಯ ಅಲ್ಲಿಗೆ ಇಳಿಯಿತು. "ಯಲ್ಲಾ ಸರ್, ಗಾಡಿ ಹತ್ತಿ, ಬೇಗ!" ಎಂದ. ಸರ್ ಇಳಿದು ಚಿಗರೆಯ ಪಕ್ಕ ನಿಂತಿದ್ದರು. "ಕೆಡವಿದ್ದು ನೀನು. ಇಳಿದು ಬಾ" ಎಂದರಂತೆ, ಕೂಗದೆ. ಇವನು ಹಿಂದಿನ ಸೀಟಿನಲ್ಲಿದ್ದ ಅಕೌಂಟೆಂಟನ ಸಮೇತ ಗಾಡಿ ತಿರುಗಿಸಿಕೊಂಡು ಹೊರಟೇಬಿಟ್ಟ. ನೀರಿನ ಕ್ಯಾನು ಗಾಡಿಯಲ್ಲೇ ಇತ್ತು. ವಯಸ್ಸಾದ ಒಬ್ಬ ಮನುಷ್ಯನನ್ನು ಮರಳುಗಾಡಿನ ನಡುವೆ, ಒಂದು ಹನಿ ನೀರಿಲ್ಲದೆ, ಸತ್ತ ಪ್ರಾಣಿಯ ಪಕ್ಕ ಬಿಟ್ಟು ಹೋದ. ಅದೂ ಎಂಥ ದೇಶದಲ್ಲಿ? ಅಬುಧಾಬಿ ಎಂದರೆ ಚಿಗರೆಯ ಅಪ್ಪ ಎಂದರ್ಥ. ರಾಜಧಾನಿಗೇ ಆ ಪ್ರಾಣಿಯ ಹೆಸರಿಟ್ಟುಕೊಂಡ ದೇಶ.

ಪಿಕಪ್ಪಿನವನು ಪೊಲೀಸರನ್ನು ಕರೆದ. ಪೊಲೀಸರು ಕೇಳಿದ್ದರಲ್ಲಿ ತಪ್ಪೇನಿತ್ತು? ಗಾಡಿಯ ಗುರುತು ಮರಳಿನಲ್ಲಿತ್ತು. ಯಾರ ಗಾಡಿ, ಯಾರು ಓಡಿಸಿದರು ಎಂದು ಕೇಳಿದರು. ಸರ್ ಕೊಟ್ಟ ಉತ್ತರ ಒಂದೇ: "ಮಾಡಿದವನು ತಾನೇ ಬಂದು ಹೇಳ್ತಾನೆ. ನಾನು ಹೇಳೋ ಹಾಗಿಲ್ಲ."

ಠಾಣೆಯಿಂದ ಫೋನು ಬಂದ ಕೂಡಲೇ ನಾನು ಬಟ್ಟೆ, ಬಿಪಿ ಮಾತ್ರೆ ಹಿಡಿದುಕೊಂಡು ಅಲ್ಲಿಗೆ ಓಡಿದೆ. ಕಬ್ಬಿಣದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು, ನೀರಿಲ್ಲದೆ ತುಟಿ ಒಡೆದು ಕರಿಗಟ್ಟಿತ್ತು.

"ಸರ, ಅವನ ಹೆಸರು ಹೇಳಿಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಬರ್ತಾನಮ್ಮ. ಹೆದರಿದ್ದಾನೆ, ಅಷ್ಟೇ. ಒಂದು ದಿನ ಬಿಡು, ಬರ್ತಾನೆ."

"ಬರೂದಿಲ್ರಿ ಅವ! ನಾ ಹೇಳ್ತೀನಿ ಪೊಲೀಸ್ರಿಗೆ."

"ನೀನು ನೋಡಿದ್ದೀಯಾ? ಇಲ್ಲವಲ್ಲ. ಸುಮ್ಮನಿರು."

ನಾನು ಸುಮ್ಮನಿರಲಿಲ್ಲ. ಹೊರಗೆ ಬಂದವಳೇ ಅಲ್ಲಿದ್ದ ಅಧಿಕಾರಿಗೆ ನನಗೆ ಬರುವ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ನೀನು ಅಲ್ಲಿದ್ದೆಯಾ ಎಂದರು. ಇರಲಿಲ್ಲ ಎಂದೆ. ಒಳಗಿರುವ ನಿಮ್ಮ ಮಾಸ್ತರರು ಹೌದೆನ್ನಲಿ ಅಥವಾ ಅಲ್ಲಿದ್ದ ಇನ್ನೊಬ್ಬರನ್ನು ಕರೆದುಕೊಂಡು ಬಾ ಎಂದರು. ಮಾಸ್ತರರು ಬಾಯಿ ಬಿಡಲಿಲ್ಲ. ಅಕೌಂಟೆಂಟಿಗೆ ಫೋನು ಮಾಡಿದರೆ, "ಅಕ್ಕಾ, ಅವರು ನನ್ನ ಬಾಸ್. ನನಗೆ ಸಣ್ಣ ಮಕ್ಕಳುಂಟು" ಎಂದು ಮತ್ತೆ ಅತ್ತ. ಅವನ ಅಳು ಕೇಳಿ ಕೇಳಿ ನನಗೆ ಸಾಕಾಗಿತ್ತು.

ನೆಟ್ಟಗೆ ಮ್ಯಾನೇಜರನ ಫ್ಲ್ಯಾಟಿಗೆ ಹೋಗಿ ಬೆಲ್ ಒತ್ತಿ ಹಿಡಿದೆ. ಒಳಗೆ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

"ನೋಡಿ ಮೇಡಂ" ಎಂದ, ಬಾಗಿಲಲ್ಲೇ ನಿಂತು. "ನನಗೆ ಕೆನಡಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕು. ಈಗ ನನ್ನ ಹೆಸರು ಬಂದ್ರೆ ಎಲ್ಲ ಹಾಳಾಗ್ತದೆ. ಸರ್‌ಗೆ ಹೇಗೂ ರಿಟೈರ್ ಆಗುವ ಸಮಯ. ಊರಿಗೆ ಕಳಿಸ್ತಾರೆ, ಅಷ್ಟೇ ಅಲ್ವಾ?"

"ಅಷ್ಟೇ ಅಂತಿಯೇನೋ? ನೀರಿಲ್ಲದ ಜಾಗದಾಗ ಬಿಟ್ಟು ಬಂದಿಯಲ್ಲೋ, ನಿನ್ನ ಅಪ್ಪನ್ನ ಹಂಗ ಬಿಟ್ಟು ಬರ್ತಿದ್ದೇನು? ಅವ್ರು ಅಲ್ಲಿ ಕುಂತು ನೀ ಬರ್ತೀ ಅಂತ ದಾರಿ ಕಾಯಾಕತ್ತಾರ!"

"ಮೆಲ್ಲ ಮಾತಾಡಿ, ಅಕ್ಕಪಕ್ಕದವರು ಕೇಳ್ತಾರೆ."

"ಕೇಳಲಿ!" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದೆ. ಬಾಗಿಲುಗಳು ತೆರೆದವು, ಮುಖಗಳು ಕಂಡವು, ಒಂದೊಂದಾಗಿ ಮತ್ತೆ ಮುಚ್ಚಿಕೊಂಡವು. ಇವನೂ ಮುಚ್ಚಿಕೊಂಡ. ವೀಸಾದ ಮೇಲೆ ಬದುಕುವವರ ಬಿಲ್ಡಿಂಗು ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರೇ ಎಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ.

ಶಾಲೆ ಅವರನ್ನು ತೆಗೆದುಹಾಕಿತು. ವೀಸಾ ರದ್ದಾಯಿತು. ಏರ್‌ಪೋರ್ಟಿಗೆ ಅವರ ಪೆಟ್ಟಿಗೆ ತಲುಪಿಸಲು ಹೋದವಳು ನಾನೊಬ್ಬಳೇ. ಅವರಿಂದ ಓಟ ಕಲಿತು ಕಪ್ಪು ಗೆದ್ದ ಮಕ್ಕಳ ತಂದೆತಾಯಿಗಳು ಒಬ್ಬರೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ ನಮ್ಮ ಕಡೆ. ಇಲ್ಲಿ ಮಾಡಿದವನು ಒಬ್ಬ, ಉಂಡವರು ಇನ್ನೊಬ್ಬರು. ಹೋಗುವಾಗ ಅವರು ಹೇಳಿದ್ದು, "ಅವನಿಗೆ ಇನ್ನೂ ಸಮಯ ಬೇಕು ಅಂತ ಕಾಣತ್ತೆ." ಆಗ ನನಗೆ ಅವರ ಮೇಲೂ ಸಿಟ್ಟು ಬಂತು, ಈಗಲೂ ಇದೆ. ಅಜ್ಜನ ಕಟ್ಟಳೆ ಅಜ್ಜನ ಊರಿನವರಿಗೆ. ಅಲ್ಲಿ ತಪ್ಪು ಮಾಡಿದವನು ಮಾರನೆಯ ದಿನವೂ ಅದೇ ಜನರ ಮುಖ ನೋಡಬೇಕು. ಇಲ್ಲಿ ವಿಮಾನ ಹತ್ತಿದರೆ ಮುಗಿಯಿತು. ಇಷ್ಟು ವರ್ಷ ಗಲ್ಫಿನಲ್ಲಿದ್ದು ಅದೊಂದು ಅವರಿಗೆ ತಿಳಿಯಲಿಲ್ಲವೇ?

ಮ್ಯಾನೇಜರ್ ಕೆನಡಾಕ್ಕೆ ಹೋದ. ಎಂಟು ಹತ್ತು ವರ್ಷಗಳ ಮೇಲೆ, ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ಪರಿಚಯದವರ ಮನೆಯ ಊಟಕ್ಕೆ ಹೋದಾಗ, ಯಾರೋ ಕಂಪ್ಯೂಟರಿನಲ್ಲಿ ಅವನು ಕಳಿಸಿದ ಫೋಟೊ ತೋರಿಸಿದರು. ಕಿತ್ತಳೆ ಬಣ್ಣದ ಜಾಕೆಟ್ಟು, ಕೈಯಲ್ಲಿ ಕೋವಿ, ಕಾಲಬುಡದಲ್ಲಿ ದೊಡ್ಡ ಕೊಂಬಿನ ಜಿಂಕೆ. ಅದರ ಪಕ್ಕ ಎಷ್ಟು ಚೆನ್ನಾಗಿ ನಿಂತಿದ್ದ! "ದುಬೈನಲ್ಲಿ ಒಬ್ಬ ಗುರು ಸಿಕ್ಕಿದ್ರು, ಎಲ್ಲ ಅವರೇ ಕಲಿಸಿದ್ದು" ಎಂದು ಬೇರೆ ಬರೆದಿದ್ದನಂತೆ. ಎದುರಿಗಿದ್ದ ಬಿರಿಯಾನಿ ತಟ್ಟೆ ಬಿಟ್ಟು ಎದ್ದು ಬಂದೆ. ಆ ಮನೆಯವರಿಗೆ ಇನ್ನೂ ಕಾರಣ ಗೊತ್ತಿಲ್ಲ. ಇದನ್ನು ಓದಿದರೆ ತಿಳಿಯಲಿ.

ಸರ್‌ಗೆ ಕಿಡ್ನಿ ಕೈಕೊಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆಂದು ಅವರ ಹೆಂಡತಿ ಹೇಳಿದ ಮೇಲೆ ದುಬೈನಿಂದ ಫೋನು ಮಾಡಿದೆ. ಧ್ವನಿ ಗುರುತು ಸಿಗದಷ್ಟು ತೆಳ್ಳಗಾಗಿತ್ತು. ನನ್ನ ಡ್ಯೂಟಿ, ನನ್ನ ಯಜಮಾನರು, ಈಗ ಚಿಗರೆಗಳಿಗೆಂದೇ ಬೇಲಿ ಹಾಕಿ ಬಿಟ್ಟಿರುವ ಜಾಗ, ಎಲ್ಲ ವಿಚಾರಿಸಿದರು. ಆಮೇಲೆ ಕೇಳಿದರು.

"ಅವನು ಬಂದಿದ್ನೇನಮ್ಮ? ಯಾರ ಹತ್ತಿರವಾದ್ರೂ ಹೇಳಿದ್ನಾ, ತಾನೇ ಮಾಡಿದ್ದು ಅಂತ?"

ಸಾಯುವ ಮನುಷ್ಯನಿಗೆ ಒಂದು ಸುಳ್ಳು ಹೇಳಿದರೆ ಪಾಪವಿಲ್ಲ ಎನ್ನುವವರಿದ್ದಾರೆ. ಆದರೆ ಆ ಸುಳ್ಳಿನಿಂದ ಒಳ್ಳೆಯ ಹೆಸರು ಬರುವುದು ಮ್ಯಾನೇಜರನಿಗೆ. ನನ್ನ ನಾಲಿಗೆ ಅದಕ್ಕೆ ಏಳಲಿಲ್ಲ.

"ಇಲ್ರಿ ಸರ. ಬರಲಿಲ್ಲ. ಹೇಳಲೂ ಇಲ್ಲ."



"ಹಾಗಾದ್ರೆ ತಪ್ಪು ನನ್ನದು ಕಣಮ್ಮ" ಎಂದರು. "ನಾನು ಸರಿಯಾಗಿ ಕಲಿಸಲಿಲ್ಲ."

ಅದೇ ವಾರ ತೀರಿಕೊಂಡರು. ಆ ಶುಕ್ರವಾರ ಗಾಡಿಯಲ್ಲಿದ್ದ ಮೂವರಲ್ಲಿ ತಪ್ಪು ಒಪ್ಪಿಕೊಂಡವರು ಅವರೊಬ್ಬರೇ.