ಅತ್ತೆಯ ಹೆಸರಿಗೆ ಬಂದ ಆಡು

ನನ್ನ ಮೊದಲ ಮಗಳು ಹುಟ್ಟಿದ ಮೇಲೆ ನನಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಹಸುವಿನ ಹಾಲು ಕೂಸಿಗೆ ಒಗ್ಗಲಿಲ್ಲ. ಆಗ, ಐವತ್ತರ ದಶಕದ ಕೊನೆಗೆ, ನಾವು ಅತ್ತೆ-ಮಾವನ ಜೊತೆ ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿದ್ದೆವು. ಹರಿಹರದಿಂದ ವಾರಕ್ಕೊಮ್ಮೆ ಬಳೆ ಮಾರಲು ಬರುತ್ತಿದ್ದ ಮುಸ್ಲಿಂ ಹೆಂಗಸೊಬ್ಬಳು ಕೂಸನ್ನು ನೋಡಿ, "ಆಡಿನ ಹಾಲು ಹಾಕ್ರಿ ಅಮ್ಮಾರೆ. ನಂದೊಂದು ಐತೆ, ತಂದು ಕಟ್ತೀನಿ" ಎಂದಳು.

ಅದು ಅಂಥಿಂಥ ಆಡಲ್ಲ. ಒಳ್ಳೆಯ ತಳಿಯೆಂದು ಸರ್ಕಾರ ಕೊಟ್ಟದ್ದು. ಉದ್ದನೆಯ ಜೋಲುಗಿವಿ, ಒಂದು ಕಿವಿಯಲ್ಲಿ ತಗಡಿನ ಬಿಲ್ಲೆ. ಬಾಡಿಗೆಗೆ ಕೊಟ್ಟರೂ ಮಾರಿದರೂ ಹರಿಹರದ ದನದ ಆಸ್ಪತ್ರೆಯಲ್ಲಿ ಬರೆಸಬೇಕಿತ್ತು. ಹಾಲು ಬತ್ತುವ ತನಕ ನಮ್ಮಲ್ಲಿರಲಿ ಎಂದು ಆಕೆ ಬರೆಸಿಯೇ ತಂದಳು. ಬಾಡಿಗೆಯಾಗಿ ಅತ್ತೆ ಜೋಳ ಕೊಡುವುದೆಂದಾಯಿತು.

ಮೊದಲ ದಿನವೇ ಫಜೀತಿ. ಅತ್ತೆ ಹಿಂಡಲು ಕೂತರೆ ಆಡು ಕಾಲು ಝಾಡಿಸಿ ಚೊಂಬು ಉರುಳಿಸಿತು. ಬಳೆಗಾರ್ತಿ ನಕ್ಕಳು. "ಅದಕ್ಕೆ ಕನ್ನಡ ಬರಂಗಿಲ್ರಿ. 'ಆಜಾ ಬೇಟಿ' ಅಂತ ಬೆನ್ನು ಸವರ್ರಿ. 'ಬಾ ಮಗಳೇ' ಅಂತ ಅದರರ್ಥ."

ಅತ್ತೆ ಬಿಗುಮಾನದ ಹೆಂಗಸು. ನನ್ನನ್ನೇ ಒಂದು ದಿನ ಮಗಳೇ ಅಂದವರಲ್ಲ. ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಮೆಲ್ಲಗೆ "ಆಜಾ ಬೇಟಿ, ಆಜಾ" ಎನ್ನುವುದು ಕೇಳಿಸಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಚೊಂಬು ತುಂಬಿತ್ತು.

ಕೂಸು ಮೈ ತುಂಬಿಕೊಂಡಿತು. ಆಡು ಅತ್ತೆಯ ಬೆನ್ನು ಬಿಡದಾಯಿತು. ಅವರು ಅಕ್ಕಿ ಆರಿಸಲು ಕೂತರೆ ಮೊರಕ್ಕೆ ಬಾಯಿ ಹಾಕಿ ಬೈಸಿಕೊಳ್ಳುತ್ತಿತ್ತು. ಒಂದು ಸಲ ಬಳೆಗಾರ್ತಿ ಬಂದು ಕರೆದಾಗ ತಲೆಯೆತ್ತಿ ನೋಡಿತು, ಮತ್ತೆ ಅತ್ತೆಯ ಮಡಿಲಿಗೇ ಮುಖ ತುರುಕಿತು. ಆಕೆ ಬಳೆಯ ಗಂಟು ಇಳಿಸಿ ಅತ್ತೆಯ ಪಕ್ಕದಲ್ಲಿ ಕೂತಳು.

"ನನಗೂ ಊರೂರು ತಿರುಗಾಟ, ಮನ್ಯಾಗ ಇದನ್ನ ನೋಡೋರಿಲ್ಲ. ನಿಮ್ಮ ಹೆಸರಿಗೇ ಮಾಡ್ಸಿಬಿಡ್ತೀನಿ. ಮೊದಲ ಹೆಣ್ಣುಮರಿ ನನಗ ಕೊಡ್ರಿ, ಸಾಕು."

"ನನ್ನ ಹೆಸರು ಬ್ಯಾಡ, ಮಗನ ಹೆಸರಿಗೆ ಮಾಡ್ಸು" ಎಂದರು ಅತ್ತೆ.

"ಹಿಂಡೋರು ಯಾರ್ರಿ? ನಿಮ್ಮ ಹೆಸರಿಗೇ."

ಆಡನ್ನು ಕರೆದುಕೊಂಡು ನಾವು ಮೂವರೂ ಹರಿಹರಕ್ಕೆ ಹೋದೆವು. ಡಾಕ್ಟರು ಬಿಲ್ಲೆ ನೋಡಿದರು, ಅತ್ತೆಯ ಹೆಸರು ಬರೆದುಕೊಂಡರು. "ಯಜಮಾನರ ಹೆಸರು?"

ಅತ್ತೆ ನನ್ನ ಮುಖ ನೋಡಿದರು. ಗಂಡನ ಹೆಸರನ್ನು ಅವರು ಬಾಯಲ್ಲಿ ಆಡುವವರಲ್ಲ. ಮಾವನ ಹೆಸರು ಹೇಳುವ ಧೈರ್ಯ ನನಗೂ ಇಲ್ಲ. ಬಳೆಗಾರ್ತಿಗೆ ಗೊತ್ತೇ ಇಲ್ಲ.

"ಹೆಸರಿಲ್ಲದೆ ಹೆಂಗಮ್ಮ?"

ಅತ್ತೆ ತಲೆ ತಗ್ಗಿಸಿ, "ಈ ಊರ ಗುಡಿಯಾಗ ದೇವರು ಅದಾನಲ್ರಿ, ಅದರಾಗ ಅರ್ಧ" ಎಂದರು.

ಹರಿಹರೇಶ್ವರನ ಮೂರ್ತಿ ಅರ್ಧ ಹರಿ, ಅರ್ಧ ಹರ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು, "ಯಾವ ಅರ್ಧ?"

"ಬಲಗಡೆದು."

ಬಲಗಡೆಯದು ಹರ. ಡಾಕ್ಟರು ಶಿವನ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಸರಿಯಾದದ್ದು ಬಂದಾಗ ಅತ್ತೆ ಸೆರಗು ಮುಖಕ್ಕೆಳೆದುಕೊಂಡು "ಹೂಂ" ಎಂದರು. ಆಸ್ಪತ್ರೆಯ ಜವಾನನೂ ನಕ್ಕ. ಬಳೆಗಾರ್ತಿ ಹಗ್ಗವನ್ನು ಅತ್ತೆಯ ಕೈಗಿಟ್ಟಳು, ಆಡಿನ ಕಿವಿಯಲ್ಲಿ ತನ್ನ ಮಾತಿನಲ್ಲಿ ಏನೋ ಹೇಳಿದಳು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಚಾ ಕುಡಿದು ಹೋಗ್ರಿ" ಎಂದು ಮನೆಗೆ ಕರೆದೊಯ್ದಳು. ಅತ್ತೆ ಕುಡಿದರು.

ಸಂಜೆ ಮಾವ ಗಿರಣಿಯಿಂದ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಆಡು ಈಗ ನನ್ನ ಹೆಸರಿಗೈತೆ" ಎಂದರು. ಅವರ ಹೆಸರಿನಲ್ಲಿ ಅದುವರೆಗೆ ಏನೂ ಇರಲಿಲ್ಲ. "ಹಂಗಾರೆ ನಿನ್ನ ಕೇಳೇ ಚಾಕ್ಕೆ ಹಾಲು ಹಾಕಿಸ್ಕೋಬೇಕು" ಎಂದು ಮಾವ ನಕ್ಕರು. ಅತ್ತೆ ನಗಲಿಲ್ಲ. "ಹೌದು, ಕೇಳ್ಬೇಕು" ಎಂದರು.

ಮುಂದೆ ಅದು ಎರಡು ಮರಿ ಹಾಕಿತು. ಹೆಣ್ಣುಮರಿ ಮೇಯಲು ಕಲಿತ ಮೇಲೆ ಬಳೆಗಾರ್ತಿ ಅದನ್ನು ಎತ್ತಿಕೊಂಡು ಬಸ್ಸಿಗೆ ಹೊರಟಳು. "ಥಂಡ್ಯಾಗ ಹೊರಗ ಕಟ್ಟಬ್ಯಾಡ" ಎಂದು ಹೇಳುತ್ತ ಅತ್ತೆ ಓಣಿಯ ಕೊನೆಯವರೆಗೂ ಜೊತೆಗೆ ನಡೆದರು.