ಹಲ್ಲಿಗೆ ಹೆಂಚಿನ ಹಾಸು

ನನ್ನ ಮರುಭೂಮಿ ಹಲ್ಲಿಯ ಗಾಜಿನ ಪೆಟ್ಟಿಗೆಗೆ ಕೈಹಾಕಿದ ಅತ್ತೆ, ಚಿಟಿಕೆ ಮರಳು ತೆಗೆದು ನಾಲಿಗೆಗೆ ಇಟ್ಟುಕೊಂಡರು. ನಾನು ಹೌಹಾರಿದೆ. ಅವರು ಥೂ ಎಂದು ಉಗಿದು, "ಇದ್ ಉಪ್ಪಿನ್ ಹೊಯ್ಗಿ ಮಾರಾಯ್ತಿ, ಗಾಳಿ ನೀರ್ ಎಳಿತ್ತ್" ಎಂದರು.

ಕೋಡಿಯ ಕಡಲತೀರದಿಂದ ಅದನ್ನು ತಂದು ತುಂಬಿದವಳು ನಾನೇ. ಹಲ್ಲಿ ನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ; ನಮ್ಮ ನೆರಳು ಬಿದ್ದರೂ ಬೆಚ್ಚಿ ಮೂಲೆ ಸೇರುತ್ತಿತ್ತು. ಮಾರಿದವನಿಗೆ ಫೋನು ಮಾಡಿದರೆ, "ಕರಾವಳಿ ಹವೆಗೆ ಅದು ಉಳಿಯಲ್ಲ ಮೇಡಂ, ವಾಪಸ್ ಕೊಟ್ಬಿಡಿ" ಎಂದಿದ್ದ.

ನಾನು ಅದನ್ನು ಹೇಳಿದ್ದೇ ತಡ, ಜೀವಮಾನವಿಡೀ ಒಣಮೀನು ಮಾರಿದ ನನ್ನತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಮಳಿಗಾಲ್ದಗೆ ಮೀನ್ ಥಂಡಿ ಹಿಡ್ದ್ ಹಾಳ್ ಆಗ್ದಂಗೆ ಇಟ್ಟವ್ಳ್ ನಾನ್. ಒಂದ್ ಹಲ್ಲಿ ಇಡುಕೆ ಆತಿಲ್ಯಾ?"

ಹೊಯ್ಗೆಯನ್ನು ಅಂಗಳಕ್ಕೆ ಸುರಿದೆವು. ಬಿಸಿಲಲ್ಲಿ ಕಾಯಿಸಿದ ಹಳೆ ಹೆಂಚು ಹಾಸಿ, ಅಡಗಿಕೊಳ್ಳಲು ಒಂದು ತುಂಡನ್ನು ಗೂಡಿನಂತೆ ಕವುಚಿ, ಮೇಲೆ ಬಲ್ಬು ಕಟ್ಟಿದೆವು. ಬೆದರದಿರಲೆಂದು ಅತ್ತೆ ಗಾಜಿನ ಮೂರು ಬದಿಗೂ ತಮ್ಮ ಸೀರೆ ಸುತ್ತಿದರು. ಮೂರನೇ ದಿನ ಹಲ್ಲಿ ತಾನಾಗಿ ಹೊರಬಂದು ಮಿಡತೆ ಹಿಡಿಯಿತು.

ಈಗ ಜಡಿಮಳೆ, ನಮ್ಮ ಗೋಡೆಗಳೆಲ್ಲ ಬೆವರುತ್ತಿವೆ. ಹಲ್ಲಿ ಮಾತ್ರ ಬಿಸಿ ಹೆಂಚಿನ ಮೇಲೆ ಕಾಲು ಚಾಚಿ ಮಲಗಿದೆ. ಮಾರಿದವನಿಗೆ ಅದರ ಫೋಟೊ ಕಳಿಸಿ, ಕೆಳಗೆ ಒಂದೇ ಸಾಲು ಬರೆದೆ: ವಾಪಸ್ ಕೊಡುವುದಿಲ್ಲ.