ಬೂದಿಯಲ್ಲಿ ಸಿಕ್ಕ ಕೋಲೆಟ್ಟು

ಬಡಿಗರ ಮನೆಯಲ್ಲಿ ಸ್ನಾನದ ನೀರು ಕಾಯುವುದು ಕಟ್ಟಿಗೆಯ ಹೊಟ್ಟಿನಿಂದ. ತಗಡಿನ ಡಬ್ಬಿಯ ನಡುವೆ ಬಾಟಲಿಯೊಂದನ್ನು ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಒತ್ತಿ ತುಂಬಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಮೇಲೆಳೆದರೆ ಒಲೆ ತಯಾರು. ಒಮ್ಮೆ ಹೊತ್ತಿತೆಂದರೆ ಮನೆಮಂದಿಯೆಲ್ಲ ಮಿಂದು ಮುಗಿಸಿದರೂ ಅದರ ಒಡಲು ಕೆಂಪಗೆ ಉರಿಯುತ್ತಲೇ ಇರುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಬಸವಕಲ್ಯಾಣದ ನಮ್ಮ ಮನೆಯಲ್ಲಿ, ರಜೆಯ ದಿನ ಈ ಒಲೆ ತುಂಬುವ ಕೆಲಸ ನನ್ನದಾಗಿತ್ತು. ಅಣ್ಣ ಮೋನಪ್ಪ ಅಪ್ಪನ ಉಳಿ ಹಿಡಿದ. ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಕಾಲೇಜಿನ ಮಾಸ್ತರನಾದೆ. ಆಧಾರವಿಲ್ಲದೆ ಯಾವುದನ್ನೂ ನಂಬಬೇಡಿರೆಂದು ಹೇಳಿಯೇ ಸಂಬಳ ಪಡೆಯುತ್ತಿದ್ದ ನನಗೆ, ನನ್ನ ನೆನಪಿನ ಮೇಲೆಯೇ ಸಂಶಯ ಹುಟ್ಟಿದ್ದು ಆ ಒಲೆಯ ಬೂದಿ ತೆಗೆದ ಒಂದು ಬೆಳಗ್ಗೆ.

ಬೂದಿಯೊಳಗೆ ಹೆಬ್ಬೆರಳ ತುದಿಯಷ್ಟು ದಪ್ಪನೆಯ, ನೀಲಿಗಪ್ಪಾದ ಉಕ್ಕಿನ ತುಂಡೊಂದು ಸಿಕ್ಕಿತು. ಅದು ಅಣ್ಣನ ರೂಟರಿನ ಕೋಲೆಟ್ಟು. ರೂಟರೆಂದರೆ ಬಾಗಿಲಿನ ಅಂಚಿಗೆ ಗೆರೆ, ಬಳ್ಳಿ ಕೊರೆಯಲು ಎರಡೂ ಕೈಯಲ್ಲಿ ಹಿಡಿದು ತಳ್ಳುವ ವಿದ್ಯುತ್ ಯಂತ್ರ. ಮುಂಬಯಿಯಿಂದ ಯಾರೋ ಬಳಸಿಬಿಟ್ಟದ್ದನ್ನು ಅವನು ತಂದಿದ್ದ. ಹೆಸರಿನ ಪಟ್ಟಿಯೂ ಸವೆದುಹೋದಷ್ಟು ಹಳೆಯದು. ಭರ್ರನೆ ತಿರುಗುವ ಅದರ ಅಲಗಿನ ಕಡ್ಡಿಯನ್ನು ಅವುಚಿ ಹಿಡಿಯುವುದು ಈ ಸೀಳುಗಳುಳ್ಳ ಚಿಕ್ಕ ಕೊಳವೆ. ನಟ್ಟು ಬಿಗಿದಂತೆ ಸೀಳು ಮುಚ್ಚಬೇಕು, ಸಡಿಲಿಸಿದಂತೆ ತಾನಾಗಿ ತೆರೆದುಕೊಳ್ಳಬೇಕು.

ಅಣ್ಣ ಅಲಗು ಬದಲಿಸುವಾಗ ಅದು ಹೊಟ್ಟಿನೊಳಗೆ ಜಾರಿರಬೇಕು. ಹಿಂದಿನ ದಿನ ಹೊಟ್ಟು ಗುಡಿಸುವಾಗ ಏನೋ ಮಿಂಚಿದ್ದನ್ನು ಕಂಡು, ಮೊಳೆಯಿರಬೇಕೆಂದು ಬಿಟ್ಟೆನೇ? ಅಥವಾ ಬೂದಿಯಲ್ಲಿ ಅದನ್ನು ಕಂಡ ಮೇಲೆ ಆ ಮಿಂಚನ್ನು ನನ್ನ ಮನಸ್ಸೇ ಹಿಂದಕ್ಕೆ ಹೋಗಿ ಇಟ್ಟುಬಂತೇ? ಇಂದಿಗೂ ಹೇಳಲಾರೆ.

ಅಣ್ಣ ಅದನ್ನು ಧೋತರಕ್ಕೆ ಒರೆಸಿ ಹಿಡಿದು ನೋಡಿದ. “ಉಕ್ಕಲ್ಲೇನೋ ಇದು? ಸುಟ್ರ ಕರಗ್ತದೇನು? ನಡೀತದ.”

“ಬ್ಯಾಡಣ್ಣಾ, ಸುಟ್ರ ಅದರ ಹದಾ ಹೋಗ್ತದ. ಹಿಡಿತ ತಪ್ಪಿ ಅಲಗು ಸಿಡೀತಂದ್ರ?”

ಗರಗಸಕ್ಕೆ ಆಗಲೇ ತುದಿ ಕೊಟ್ಟಿದ್ದ ಅವನ ಎಡಗೈಯ ನಡುಬೆರಳನ್ನು ನಾನು ನೋಡುತ್ತಿದ್ದೆ. ಅವನಿಗೂ ಅದು ತಿಳಿಯಿತು.

“ಹಂಗಾರ ಹುಮನಾಬಾದಿಗೆ ಹೋಗಿ ಬಾ. ಮಂಠಾಳದವರ ಬಾಗಲಾ ಇವತ್ತೇ ಸುರು ಮಾಡ್ಬೇಕು, ಲಗೂ ಬಾ ಮಾಸ್ತರಾ. ಅಲ್ಲಿ ನಿಂತು ಯಾರಿಗೂ ಪಾಠ ಹೇಳಬ್ಯಾಡ.”

ಸುಟ್ಟ ಕೋಲೆಟ್ಟನ್ನೇ ಮಾದರಿಯೆಂದು ಕಿಸೆಯಲ್ಲಿಟ್ಟುಕೊಂಡು ಹೋದೆ. ಹುಮನಾಬಾದಿನ ಮೊದಲ ಅಂಗಡಿಯವನು ಯಂತ್ರದ ನಂಬರು ಕೇಳಿ, ಇಲ್ಲವೆಂದಾಗ ಮುಖ ತಿರುಗಿಸಿದ. ಎರಡನೆಯವನಲ್ಲಿ ಸಿಕ್ಕದ್ದರ ತೂತು ಸರಿಯಿತ್ತು, ಹೊರಮೈಯ ಇಳಿಜಾರು ಬೇರೆಯಿತ್ತು. ಮೂರನೆಯದರಲ್ಲಿ ಇಳಿಜಾರು ಸರಿ, ಉದ್ದ ಕಡಿಮೆ. ಹೋಲುವುದು ಬೇರೆ, ಹೊಂದುವುದು ಬೇರೆ ಎಂಬುದು ಮದುವೆಯ ಮಾತುಕತೆಯಲ್ಲಿ ಮಾತ್ರವಲ್ಲ, ಉಕ್ಕಿನಲ್ಲಿಯೂ ನಿಜವೆಂದು ಆ ಬಿಸಿಲಿನಲ್ಲಿ ಅಲೆದು ಕಲಿತೆ.

ಕಡೆಗೆ, ಕಾರ್ಖಾನೆಗಳ ಕಡೆ ಹಳೆಯ ಯಂತ್ರ ಬಿಚ್ಚಿ ಮಾರುವ ಗಫೂರ್ ಭಾಯಿಯ ಬಳಿ, ನಮ್ಮದರ ಜಾತಿಯದೇ ಒಂದು ಸತ್ತ ರೂಟರು ದೊರಕಿತು. “ಇದು ಎರಡು ಸೂತಿಂದು ಸಾಹೇಬ್ರ,” ಎಂದ. ಇಂಚಿನ ಎಂಟನೆಯ ಒಂದು ಪಾಲು ಅವರಿಗೆ ಒಂದು ಸೂತು. ಅದರ ಕೋಲೆಟ್ಟನ್ನು ಬಿಚ್ಚಿ, ನನ್ನದನ್ನೂ ಇಸಿದುಕೊಂಡು, ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಎಮರಿ ಕಾಗದದಿಂದ ಬೆಳ್ಳಗಾಗುವಂತೆ ತಿಕ್ಕಿ, ಗಲ್ಲಾಪೆಟ್ಟಿಗೆಯ ಮೇಲೆ ಜೋಡಿಯಾಗಿ ನಿಲ್ಲಿಸಿದ.

“ನೋಡ್ರಿ, ಭಾಯಿ ಭಾಯಿ! ಇದರಾಗ ದೊಡ್ಡಾಂವ ಯಾರು, ಸಣ್ಣಾಂವ ಯಾರು, ಹೇಳ್ರಿ ನೋಡೋಣು?”

ನಾನು ನಕ್ಕೆ. ಅವನು ಎರಡನ್ನೂ ಒಂದೇ ಕಾಗದದಲ್ಲಿ ಸುತ್ತಿಕೊಟ್ಟ.

ಮರಳುವ ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿದಾಗಲೇ ನನ್ನ ನಗೆ ಆರಿದ್ದು. ಸುಟ್ಟದ್ದು ಯಾವುದು? ನಮ್ಮದನ್ನು ಅವನು ಬಲಗಡೆ ಇಟ್ಟಿದ್ದ. ಆದರೆ ಅವನ ಬಲಗಡೆಯೋ, ಎದುರು ನಿಂತ ನನ್ನ ಬಲಗಡೆಯೋ? ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಇತ್ತು. ಆ ಗೀರನ್ನು ಬೆಳಗ್ಗೆ ಬೂದಿಯಲ್ಲೇ ಕಂಡಂತೆ ನೆನಪಾಯಿತು. ಊರು ಹತ್ತಿರವಾದಂತೆ ಆ ನೆನಪು ಸ್ಪಷ್ಟವಾಗುತ್ತ ಹೋಯಿತು: ಗೀರಿನೊಳಗೆ ಕೂತಿದ್ದ ಬಿಳಿಯ ಬೂದಿ, ನಾನದನ್ನು ಊದಿದ್ದು, ಎಲ್ಲ. ಗೆಳೆಯರೇ, ನನಗೆ ಹೆದರಿಕೆಯಾದದ್ದು ಅದಕ್ಕೇ. ಕಂಡದ್ದು ಹೊತ್ತು ಕಳೆದಂತೆ ಮಸುಕಾಗಬೇಕು. ನನ್ನದು ಮಾತ್ರ, ಯಾರೋ ಒಳಗೆ ಕುಳಿತು ಎಮರಿ ಕಾಗದದಿಂದ ತಿಕ್ಕುತ್ತಿರುವಂತೆ, ಹೊಳೆಯುತ್ತ ಹೋಗುತ್ತಿತ್ತು. ಬೇಕಾದ ಸಾಕ್ಷಿಯನ್ನು ಬೇಕಾದ ಹೊತ್ತಿಗೆ ಒದಗಿಸುವ ನೆನಪನ್ನು ನಾನು ಬೇರೆಯವರಲ್ಲಿ ಎಷ್ಟು ಸಲ ಗೇಲಿ ಮಾಡಿದ್ದೆನೋ!

ಅಣ್ಣ ಸಾಗುವಾನಿ ಹಲಗೆಯನ್ನು ಬಿಗಿದು ಕಾಯುತ್ತಿದ್ದ. ಎರಡನ್ನೂ ಅಂಗೈಯಲ್ಲಿ ಹೊರಳಿಸಿ, “ಹೊಸಾದು ಯಾವುದು?” ಎಂದ.

ಗೀರಿಲ್ಲದ್ದರ ಮೇಲೆ ಬೆರಳಿಟ್ಟೆ. “ಇದು.”

ಯಾಕೆ ಹಾಗೆಂದೆ? ಗೊತ್ತಿಲ್ಲವೆನ್ನಲು ನಾಚಿಕೆ, ಅಷ್ಟೇ. ಅವನು ಅದನ್ನು ಕೂರಿಸಿ, ಅಲಗಿಟ್ಟು, ನಟ್ಟು ಬಿಗಿದ. ಪ್ಲಗ್ಗು ಸಿಕ್ಕಿಸಿದ. ಆ ಮೊಂಡು ಬೆರಳು ಹಿಡಿಕೆಯ ಮೇಲೆ ಕೂತಿತು, ಇನ್ನೊಂದು ಕೈ ಸ್ವಿಚ್ಚಿನತ್ತ ಹೊರಟಿತು.

“ಅಣ್ಣಾ, ತಡಿ! ನನಗ ಖಾತ್ರಿ ಇಲ್ಲ.”

“ಈಗ ಇದು ಅಂದ್ಯಲ್ಲೋ?”

“ಅಂದೆ. ನೆನಪೂ ಅದ. ಆದ್ರ ಆ ನೆನಪು ಖರೇ ಅದನೋ ಇಲ್ಲೋ ಗೊತ್ತಿಲ್ಲ.”

ಅವನು ಪ್ಲಗ್ಗು ಕಿತ್ತ. “ಇಷ್ಟು ಹೇಳಾಕ ಬಸ್ ಸ್ಟ್ಯಾಂಡಿನಿಂದ ಇಲ್ಲಿ ತನಕ ಬಾಯಾಗ ಏನು ಇಟಗೊಂಡಿದ್ದಿ?”

ಯಂತ್ರವನ್ನು ತಲೆಕೆಳಗಾಗಿ ಹಿಡಿದು ನಟ್ಟು ಸಡಿಲಿಸಿದ. ಅಲಗು ಜಾರಿ ಅಂಗೈಗೆ ಬೀಳಬೇಕಿತ್ತು, ಬೀಳಲಿಲ್ಲ. ಕಟ್ಟಿಗೆಯ ಸುತ್ತಿಗೆಯಿಂದ ತಟ್ಟಿ ಬಿಡಿಸಿ, ಕೋಲೆಟ್ಟನ್ನು ಹೊರತೆಗೆದು ಬೆಳಕಿಗೆ ಹಿಡಿದ. ಬಿಗಿದಾಗ ಮುಚ್ಚಿದ ಸೀಳು ಮುಚ್ಚಿಕೊಂಡೇ ಇತ್ತು, ಮರಳಿ ಅರಳುವ ಶಕ್ತಿ ಅದಕ್ಕಿರಲಿಲ್ಲ. ಗೀರಿದ್ದದ್ದನ್ನು ಹಾಕಿ ಬಿಗಿದು ಸಡಿಲಿಸಿದ. ಅಲಗು ಮೆತ್ತಗೆ ಅವನ ಅಂಗೈಗೆ ಬಂದು ಕೂತಿತು.

ಗೀರು, ಬೂದಿ, ಊದಿದ್ದು, ಯಾವುದೂ ನಡೆದಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದ್ದೇ ಸುಟ್ಟದ್ದು. ಹಲಗೆಯ ರಾಶಿಯ ಮೇಲೆ ಕುಳಿತೆ.

ಅಣ್ಣ ಬೈಯಲಿಲ್ಲ. ಮೊಳೆ ನೆಟ್ಟಗೆ ಮಾಡಲು ಇಟ್ಟಿದ್ದ ರೈಲು ಕಂಬಿಯ ತುಂಡಿನ ಮೇಲೆ ಸುಟ್ಟ ಕೋಲೆಟ್ಟನ್ನು ಅಡ್ಡ ಮಲಗಿಸಿ, ಕಬ್ಬಿಣದ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ.

“ಹೊಡಿ. ನಾಳೆ ನೀನೂ ಮರೀತಿ, ನಾನೂ ಮರೀತೇನಿ.”

ಹದವಿದ್ದ ಉಕ್ಕಾಗಿದ್ದರೆ ಸಿಡಿದು ಚೂರಾಗುತ್ತಿತ್ತು. ಇದು ಮೂರೇ ಪೆಟ್ಟಿಗೆ, ಚಕಾರವಿಲ್ಲದೆ, ಚಪ್ಪಟೆಯಾಯಿತು. ಅಣ್ಣ ಬಗ್ಗಿ ನೋಡಿ, “ಈಗರೆ ಖಾತ್ರಿ ಆತಿಲ್ಲೋ ಮಾಸ್ತರಾ?” ಎಂದ.

ನಾನು ಇನ್ನೊಂದು ಪೆಟ್ಟು ಹಾಕಿದೆ.